ಲ್ಯಾಪ್‌ಟಾಪ್ ಕೊಂಡ ವರ್ತಕರ ಲಾಭ-ನಷ್ಟ

ರಾಯಚೂರು ನಗರದ ಹತ್ತಿ ವರ್ತಕರಲ್ಲಿಯೂ ಮಾನ್ವಿಯ ಅಕ್ಕಿ ಗಿರಣಿಗಳಲ್ಲಿಯೂ ಲೆಕ್ಕ ಬರೆಯಲು ಲ್ಯಾಪ್‌ಟಾಪ್ ಬಳಸುವವರಿದ್ದಾರೆ. ವಿದ್ಯುತ್ ಹೋದರೂ ಬಿಲ್ಲಿನ ಕೆಲಸ ನಿಲ್ಲದು. ಶಕ್ತಿನಗರದ ಶಾಖೋತ್ಪನ್ನ ಸ್ಥಾವರವಿರುವ ಜಿಲ್ಲೆಯಲ್ಲಿಯೂ ಇದನ್ನು ಲಾಭವೆಂದೇ ಎಣಿಸಬೇಕಾಗಿದೆ. ದೇವದುರ್ಗಕ್ಕೆ ವಸೂಲಿಗೆ ಹೋದವರು ಗಿರಾಕಿಯ ಖಾತೆಯನ್ನು ಅಲ್ಲಿಯೇ ತೆರೆದು ತೋರಿಸಬಹುದು. ಆದರೆ ಜಿನ್ನಿಂಗ್ ಮಿಲ್ಲಿನ ಅರಳೆಯ ಧೂಳು ಒಳಸೇರಿದರೆ ಯಂತ್ರ ಬಿಸಿಯೇರುತ್ತದೆ. ಡೆಸ್ಕ್‌ಟಾಪಿನಲ್ಲಾದರೆ ಕೆಟ್ಟ ಭಾಗವನ್ನಷ್ಟೇ ಬದಲಿಸುವುದು ಸುಲಭ.

ಆದಾಯ ತೆರಿಗೆಯ ದೃಷ್ಟಿಯಲ್ಲಿ ಎರಡೂ ಒಂದೇ: ಸವಕಳಿ ಶೇ. 40; ಕೊಂಡ ವರ್ಷದಲ್ಲಿ ಬಳಕೆ 180 ದಿನಗಳಿಗಿಂತ ಕಡಿಮೆಯಾದರೆ ಅದರರ್ಧ. 50,000 ರೂಪಾಯಿಯ ಯಂತ್ರಕ್ಕೆ ಶೇ. 18ರಂತೆ ತೆತ್ತ 9,000 ರೂಪಾಯಿ ಜಿಎಸ್‌ಟಿಗೆ, ವ್ಯವಹಾರದ ಬಳಕೆಯ ಮಟ್ಟಿಗೆ, ಇನ್‌ಪುಟ್ ಕ್ರೆಡಿಟ್ ದೊರೆಯುತ್ತದೆ. ರಾಜಿ ತೆರಿಗೆ ಪದ್ಧತಿಯವರಿಗೆ ಅದಿಲ್ಲ. ಕ್ರೆಡಿಟ್ ಪಡೆದ ಮೊತ್ತದ ಮೇಲೆ ಸವಕಳಿಯನ್ನೂ ಕೇಳುವಂತಿಲ್ಲ.

ವ್ಯತ್ಯಾಸ ತಿಳಿಯುವುದು ಯಂತ್ರ ಬಸ್ಸಿನಲ್ಲಿ ಕಳವಾದಾಗ. ಜಿಎಸ್‌ಟಿ ಕಾಯ್ದೆಯ 17(5)ನೇ ಕಲಮಿನನ್ವಯ ಕಳವಾದ ಸರಕಿಗೆ ಕ್ರೆಡಿಟ್ ಸಲ್ಲದು. ಅದಕ್ಕಿಂತ ದೊಡ್ಡ ನಷ್ಟ ಲೆಕ್ಕಪತ್ರಗಳದು. ಅವುಗಳನ್ನು ನೋಂದಾಯಿತ ವ್ಯವಹಾರ ಸ್ಥಳದಲ್ಲಿ, ವಾರ್ಷಿಕ ರಿಟರ್ನ್ ಸಲ್ಲಿಸುವ ಕೊನೆಯ ದಿನದಿಂದ 72 ತಿಂಗಳು ಕಾಯ್ದಿಡಬೇಕೆಂಬುದು ಕಾನೂನು. ಆದುದರಿಂದ ಪ್ರತಿ ಸಂಜೆ ಲೆಕ್ಕದ ಒಂದು ಪ್ರತಿಯನ್ನು ಅಂಗಡಿಯಲ್ಲಿಯೇ ಉಳಿಸತಕ್ಕದ್ದು. ಹಳೆಯ ಡೆಸ್ಕ್‌ಟಾಪನ್ನು ಗುಜರಿಗೆ ಹಾಕದಿದ್ದವರಿಗೆ ಇದಕ್ಕೆ ಹೊಸ ಖರ್ಚೇನೂ ಇಲ್ಲ.