ಪಂಪ್‌ಸೆಟ್ಟಿನ ಸ್ಟಾರ್ಟರು: ಮೋಟಾರಿನ ಕಾವಲುಗಾರ

ರಾಯಚೂರು ತಾಲೂಕಿನ ಕಲ್ಮಲದಂಥ ಊರುಗಳಲ್ಲಿ ಪಂಪ್‌ಸೆಟ್ಟು ನಂಬಿ ಹತ್ತಿ, ಮೆಣಸಿನಕಾಯಿ ಬೆಳೆಯುವ ರೈತನಿಗೆ, ಬೆಳೆ ನೀರು ಬೇಡುವ ವಾರದಲ್ಲೇ ಮೋಟಾರು ಸುಟ್ಟರೆ ಎರಡು ನಷ್ಟ: ರೀವೈಂಡಿಂಗ್ ಖರ್ಚು ಒಂದು, ಬಾಡುವ ಬೆಳೆ ಇನ್ನೊಂದು. ಇದನ್ನು ತಪ್ಪಿಸುವ ಸಾಧನಗಳು ಸ್ಟಾರ್ಟರಿನ ಪೆಟ್ಟಿಗೆಯಲ್ಲಿಯೇ ಇವೆ. ಅವುಗಳ ಕೆಲಸವನ್ನು ರೈತ ಬಾಂಧವರು ತಿಳಿದಿರಬೇಕು.

ನೋ-ವೋಲ್ಟ್ ಕಾಯಿಲ್: ವಿದ್ಯುತ್ ಹೋದೊಡನೆ ಈ ಸುರುಳಿಯ ಕಾಂತಶಕ್ತಿ ಅಳಿದು ಸ್ಟಾರ್ಟರು ಬಿಟ್ಟುಕೊಳ್ಳುತ್ತದೆ. ವಿದ್ಯುತ್ ಮರಳಿದರೂ ಹಸಿರು ಗುಂಡಿ ಒತ್ತುವವರೆಗೆ ಮೋಟಾರು ತಿರುಗದು. ಕ್ರೇನು, ಲಿಫ್ಟುಗಳ ಬ್ರೇಕಿನಲ್ಲಿಯೂ ಇದೇ ತತ್ತ್ವ: ವಿದ್ಯುತ್ ಇದ್ದಾಗ ಬ್ರೇಕು ಸಡಿಲ, ಹೋದೊಡನೆ ಸ್ಪ್ರಿಂಗು ಅದನ್ನು ಬಿಗಿಯುತ್ತದೆ. ಗುಂಡಿಗೆ ಕಡ್ಡಿ ಸಿಕ್ಕಿಸಿದರೆ, ಬೆಲ್ಟು ಸರಿಪಡಿಸುವವನ ಕೈ ಒಳಗಿರುವಾಗಲೇ ಮೋಟಾರು ತಿರುಗೀತು.

ಓವರ್‌ಲೋಡ್ ರಿಲೇ: ಮೋಟಾರು ಹೆಚ್ಚು ಕರೆಂಟು ಎಳೆದರೆ ಇದು ಕಾಯ್ದು ಸ್ಟಾರ್ಟರನ್ನು ಬಿಡಿಸುತ್ತದೆ. 5 ಅಶ್ವಶಕ್ತಿಯ ಮೂರು ಫೇಸಿನ ಮೋಟಾರು ಪೂರ್ಣ ಹೊರೆಯಲ್ಲಿ ಸುಮಾರು 7.5 ಆಂಪಿಯರ್ ಎಳೆಯುತ್ತದೆ. ಮೋಟಾರಿನ ಫಲಕದಲ್ಲಿರುವ ಅಂಕಿಗೇ ರಿಲೇ ಹೊಂದಿಸಬೇಕು. ಸ್ಟಾರ್-ಡೆಲ್ಟಾ ಸ್ಟಾರ್ಟರಿನಲ್ಲಿ ರಿಲೇಯನ್ನು ವೈಂಡಿಂಗಿನ ತಂತಿಯಲ್ಲಿ ಜೋಡಿಸಿದ್ದರೆ ಆ ಅಂಕಿಯ 0.58 ಪಾಲಿಗೆ ಹೊಂದಿಸಬೇಕು. ಪದೇ ಪದೇ ಟ್ರಿಪ್ ಆದರೆ ರಿಲೇ ಏರಿಸುವುದು ಪರಿಹಾರವಲ್ಲ, ಕಾರಣ ಹುಡುಕಬೇಕು.

ಸಿಂಗಲ್ ಫೇಸಿಂಗ್ ಪ್ರಿವೆಂಟರ್: ಓಡುತ್ತಿರುವಾಗ ಒಂದು ಫೇಸು ಹೋದರೂ ಮೋಟಾರು ಗುಂಯ್‌ಗುಟ್ಟುತ್ತ ಓಡುತ್ತಲೇ ಇರಬಹುದು. ಹೊರೆ ಅಷ್ಟೇ ಇದ್ದರೆ ಉಳಿದೆರಡು ತಂತಿಗಳಲ್ಲಿ ಕರೆಂಟು ಸುಮಾರು 1.73 ಪಟ್ಟಾಗಿ ವೈಂಡಿಂಗ್ ಕಾಯುತ್ತದೆ. ಪ್ರಿವೆಂಟರು ಇದನ್ನು ಬೇಗ ಗುರುತಿಸಿ ಮೋಟಾರನ್ನು ನಿಲ್ಲಿಸುತ್ತದೆ.

ಇಂಟರ್‌ಲಾಕ್: ಸ್ಟಾರ್-ಡೆಲ್ಟಾ ಸ್ಟಾರ್ಟರಿನಲ್ಲಿ ಸ್ಟಾರ್ ಮತ್ತು ಡೆಲ್ಟಾ ಕಾಂಟ್ಯಾಕ್ಟರುಗಳು ಒಮ್ಮೆಗೇ ಕೂಡಿದರೆ ಮೂರೂ ಫೇಸುಗಳು ಶಾರ್ಟ್ ಆಗುತ್ತವೆ. ಒಂದು ಕೂಡಿರುವಾಗ ಇನ್ನೊಂದರ ಕಾಯಿಲಿಗೆ ವಿದ್ಯುತ್ ಹೋಗದಂತೆ ತಡೆಯುವುದೇ ಇಂಟರ್‌ಲಾಕ್. ಮೋಟಾರನ್ನು ಬೇಗ ನಿಲ್ಲಿಸಲು ಎರಡು ಫೇಸು ಅದಲು ಬದಲು ಮಾಡುವ ಯಂತ್ರಗಳಲ್ಲಿಯೂ ಇದೇ ಏರ್ಪಾಡು ಇರಬೇಕು. ರಿಪೇರಿಯಲ್ಲಿ ಈ ತಂತಿಯನ್ನು ಬಿಟ್ಟು ಜೋಡಿಸಲು ಅವಕಾಶ ಕೊಡಬಾರದು.

ನೆನಪಿಡಿ:

1. ಪೆಟ್ಟಿಗೆ ತೆರೆಯುವ ಮುನ್ನ ಮೇನ್ ಸ್ವಿಚ್ ಆಫ್ ಮಾಡಿ, ಫ್ಯೂಜ್ ಕಳಚಿ ಕಿಸೆಯಲ್ಲಿಟ್ಟುಕೊಳ್ಳಿ.

2. ಆಟೋ ಸ್ವಿಚ್ ಇದ್ದರೆ ಮೋಟಾರು ತಾನಾಗಿ ಚಾಲೂ ಆಗುತ್ತದೆಂದು ಮನೆಯವರಿಗೂ ಆಳುಗಳಿಗೂ ತಿಳಿಸಿ.

3. ಮೋಟಾರು ಮತ್ತು ಸ್ಟಾರ್ಟರಿನ ಪೆಟ್ಟಿಗೆಗೆ ಅರ್ಥಿಂಗ್ ಮಾಡಿಸಿ.

ಟ್ರಿಪ್ ಆದ ಸ್ಟಾರ್ಟರು ಕೆಟ್ಟ ಸ್ಟಾರ್ಟರಲ್ಲ. ಬಹುತೇಕ ಅದು ತನ್ನ ಕೆಲಸ ಮಾಡಿದೆ. ಕಾರಣ ತಿಳಿದ ಮೇಲೆಯೇ ಗುಂಡಿ ಒತ್ತಿರಿ.