ನೀರು ಒಳಗೆ ಬಂದರೆ ಮೊದಲು ಕೂಗು

ಕಳೆದ ಮಳೆಗಾಲದ ಒಂದು ಸಂಜೆ ಅಂಗಡಿಯ ಷಟರ್ ಅರ್ಧ ಇಳಿಸಿದ್ದೆ. ಪಿಯುಸಿ ಓದುವ ಹುಡುಗನೊಬ್ಬ ಬಗ್ಗಿ ಒಳಗೆ ಬಂದ. ಪ್ಲಾಸ್ಟಿಕ್ ಕೊಟ್ಟೆಯಲ್ಲಿ ಸುತ್ತಿದ್ದ ಫೋನನ್ನು ಮೇಜಿನ ಮೇಲಿಟ್ಟು, "ಅಣ್ಣಾ, ಇದರಲ್ಲಿರೋದನ್ನೆಲ್ಲ ಅಳಿಸಿಬಿಡಿ. ಅಪ್ಪನಿಗೆ ಗೊತ್ತಾಗಬಾರದು" ಅಂದ. ಫೋನಿಗೆ ಏನೂ ಆಗಿರಲಿಲ್ಲ. ಹುಡುಗನ ಕೈ ನಡುಗುತ್ತಿತ್ತು.

ನಾನು ಜಾಲಿಯವನು. ಭಟ್ಕಳ ಪೇಟೆಯಲ್ಲಿ ಹನ್ನೆರಡು ವರ್ಷದಿಂದ ಮೊಬೈಲ್ ರಿಪೇರಿ ಮಾಡುತ್ತಿದ್ದೇನೆ. ನಮ್ಮ ಕಡೆ ಎಷ್ಟೋ ಮನೆಗಳಲ್ಲಿ ಅಪ್ಪ ಇರುವುದು ದುಬೈಯಲ್ಲೋ ಸೌದಿಯಲ್ಲೋ. ಮಕ್ಕಳಿಗೆ ಅಪ್ಪನ ಮುಖ ಕಾಣುವುದೂ ಫೋನಿನಲ್ಲೇ, ಕಾಲೇಜಿನ ನೋಟ್ಸ್ ಬರುವುದೂ ಅದರಲ್ಲೇ. ಫೋನ್ ಕಿತ್ತಿಟ್ಟುಕೊಳ್ಳಿ ಎಂಬ ಸಲಹೆ ಈ ಮನೆಗಳಲ್ಲಿ ಎರಡು ದಿನವೂ ನಿಲ್ಲುವುದಿಲ್ಲ.

ಹುಡುಗನಿಗೆ ನೀರು ಕೊಟ್ಟು ಕೂರಿಸಿದೆ. ಇನ್‌ಸ್ಟಾಗ್ರಾಂನಲ್ಲಿ ಗುರುತಿಲ್ಲದ ಹುಡುಗಿಯ ರಿಕ್ವೆಸ್ಟ್ ಬಂದಿತ್ತಂತೆ. ಎರಡು ದಿನ ಮಾತು, ಮೂರನೆಯ ದಿನ ವಾಟ್ಸ್‌ಆ್ಯಪ್ ವಿಡಿಯೊ ಕಾಲ್. ಆ ಕಡೆ ಮೊದಲೇ ತೆಗೆದಿಟ್ಟಿದ್ದ ಹುಡುಗಿಯ ವಿಡಿಯೊ ಓಡಿಸಿ, ಈ ಕಡೆ ಇವನನ್ನು ರೆಕಾರ್ಡ್ ಮಾಡಿಕೊಂಡರು. ಹತ್ತು ನಿಮಿಷದಲ್ಲಿ ಅವನ ಗೆಳೆಯರ ಹೆಸರಿನ ಪಟ್ಟಿಯ ಜೊತೆ ಬೆದರಿಕೆ: ಇಪ್ಪತ್ತು ಸಾವಿರ ಕಳಿಸು, ಇಲ್ಲವಾದರೆ ಈ ವಿಡಿಯೊ ಎಲ್ಲರಿಗೂ ಹೋಗುತ್ತದೆ. ಅಮ್ಮನ ಫೋನಿನಿಂದ ನಾಲ್ಕು ಸಾವಿರ ಕಳಿಸಿದ್ದ. ಕೊಟ್ಟ ಮೇಲೆ ಕೇಳುವುದು ಇನ್ನೂ ಹೆಚ್ಚಾಯಿತು. ಯಾವಾಗಲೂ ಹಾಗೆಯೇ ಆಗುತ್ತದೆ. ಒಮ್ಮೆ ಕೊಟ್ಟವನು ಮತ್ತೆ ಕೊಡುತ್ತಾನೆಂದು ಅವರಿಗೆ ಗೊತ್ತು.

ನಾನು ಅವನಿಗೆ ಹೇಳಿದ ಮೊದಲ ಮಾತು: ಏನನ್ನೂ ಅಳಿಸಬೇಡ. ಆ ಚಾಟು, ನಂಬರು, ಹಣ ಹೋದ ಯುಪಿಐ ವಿವರ ಇವೇ ಸಾಕ್ಷಿ. ಸ್ಕ್ರೀನ್‌ಶಾಟ್ ತೆಗೆದಿಟ್ಟುಕೊಂಡು ಆಮೇಲೆ ಬ್ಲಾಕ್ ಮಾಡು. ಇನ್ನೊಂದು ಪೈಸೆಯನ್ನೂ ಕೊಡಬೇಡ. ಹಣ ಹೋಗಿದ್ದರೆ ತಕ್ಷಣ ಸೈಬರ್ ಮೋಸದ ಸಹಾಯವಾಣಿ 1930ಕ್ಕೆ ಕರೆ ಮಾಡಬೇಕು; ಬೇಗ ತಿಳಿಸಿದಷ್ಟೂ ಬ್ಯಾಂಕುಗಳು ಹಣವನ್ನು ನಡುದಾರಿಯಲ್ಲೇ ತಡೆಹಿಡಿಯುವ ಸಾಧ್ಯತೆ ಹೆಚ್ಚು. ಕೇಂದ್ರ ಸರ್ಕಾರದ ಸೈಬರ್ ಕ್ರೈಂ ಪೋರ್ಟಲ್‌ನಲ್ಲೂ ದೂರು ಕೊಡಬಹುದು. ಸೈಬರ್ ಅಪರಾಧ ನೋಡಿಕೊಳ್ಳುವ ಜಿಲ್ಲೆಯ ಸಿಇಎನ್ ಠಾಣೆ ಕಾರವಾರದಲ್ಲಿದೆ. ಹದಿನೆಂಟು ತುಂಬದವರನ್ನು ಹೀಗೆ ಕಾಡಿದರೆ 2012ರ ಪೋಕ್ಸೊ ಕಾಯ್ದೆ ಅನ್ವಯವಾಗುತ್ತದೆ. ಆಗ ಮಗುವಿನ ಹೆಸರು ಪತ್ರಿಕೆಯಲ್ಲಿ ಬರುವ ಹಾಗಿಲ್ಲ. ಇದನ್ನು ಹೇಳಿದಾಗಲೇ ಅವನು ನನ್ನ ಮುಖ ನೋಡಿದ್ದು.

ಚಿತ್ರ ಹರಡುವುದನ್ನು ತಡೆಯಲು 'ಟೇಕ್ ಇಟ್ ಡೌನ್' ಎಂಬ ಉಚಿತ ಸೇವೆಯಿದೆ. ಅದಕ್ಕೆ ಚಿತ್ರ ಕೊಡಬೇಕಾಗಿಲ್ಲ. ನಮ್ಮ ಫೋನಿನಲ್ಲೇ ಅದರ ಬೆರಳಚ್ಚಿನಂಥ ಒಂದು ಸಂಕೇತ ತಯಾರಾಗಿ, ಅದಷ್ಟೇ ಹೋಗುತ್ತದೆ. ಸೇವೆಗೆ ಸೇರಿರುವ ಕಂಪನಿಗಳು ಆ ಗುರುತು ಹಿಡಿದು ಚಿತ್ರವನ್ನು ತೆಗೆಯುತ್ತವೆ. ವಾಟ್ಸ್‌ಆ್ಯಪ್‌ನ ಖಾಸಗಿ ಚಾಟಿನ ಒಳಗೆ ಅದು ನಡೆಯುವುದಿಲ್ಲ, ಅಷ್ಟು ತಿಳಿದಿರಲಿ.

ಅಪ್ಪನ ಕಾಲ್ ಬರುವ ಮೊದಲೇ ಅವನ ಮನೆಗೆ ಜೊತೆಯಲ್ಲಿ ಹೋದೆ. ಅವನ ಅಮ್ಮ ಎಲ್ಲ ಕೇಳಿ ಬಹಳ ಹೊತ್ತು ಸುಮ್ಮನಿದ್ದರು. ಆಮೇಲೆ, "ದುಡ್ಡು ಹೋಗಲಿ. ನಾಲ್ಕು ದಿನ ಒಬ್ಬನೇ ಇದನ್ನ ಹೊತ್ತುಕೊಂಡು ತಿರುಗಿದ್ಯಲ್ಲ ಮಗಾ" ಅಂದರು. ಹುಡುಗ ಆಗ ಅತ್ತ.

ನನಗೆ ನಮ್ಮ ಅಪ್ಪ ನೆನಪಾದರು. ಅವರು ತೆಂಗಿನಗುಂಡಿಯಿಂದ ನಾಡದೋಣಿಯಲ್ಲಿ ಮೀನಿಗೆ ಹೋಗುತ್ತಿದ್ದರು. ಹೊಳೆ ಕಡಲಿಗೆ ಸೇರುವ ಅಳಿವೆಯಲ್ಲಿ ಹೂಳಿನ ದಿಬ್ಬ ಜಾಗ ಬದಲಿಸುತ್ತಲೇ ಇರುತ್ತದೆ, ತೆರೆ ಅಲ್ಲೇ ಒಡೆಯುವುದು. ದೋಣಿ ಮಗುಚುವುದೂ ಅಲ್ಲೇ. ಹಾಗೆಂದು ಅಪ್ಪ ನನಗೆ ಕಡಲು ಬೇಡ ಅನ್ನಲಿಲ್ಲ. ಹದಿನಾಲ್ಕನೆಯ ವಯಸ್ಸಿಗೆ ಪಕ್ಕದಲ್ಲಿ ಕೂರಿಸಿಕೊಂಡು, ಬಿಳಿ ನೊರೆ ಎಲ್ಲಿ ಏಳುತ್ತದೆ, ಎಷ್ಟು ತೆರೆ ಬಿಟ್ಟು ಹೊರಡಬೇಕು ಎಂದು ತೋರಿಸಿದರು. ಇನ್ನೊಂದು ಮಾತು ಹೇಳಿದ್ದರು: "ನೀರು ಒಳಗೆ ಬಂದರೆ ಮೊದಲು ಕೂಗು. ಬೈಯುವುದಿದ್ದರೆ ದಡಕ್ಕೆ ಬಂದ ಮೇಲೆ ಬೈತೇನೆ."

ಈ ವಯಸ್ಸಿನವರು ಅಪಾಯಕ್ಕೆ ಕೈಹಾಕುವುದೇಕೆ ಎಂಬುದಕ್ಕೆ, ತಂಗಿ ಬಿ.ಎಡ್. ಓದುವಾಗ ಒಂದು ಅಧ್ಯಯನದ ಬಗ್ಗೆ ಹೇಳಿದ್ದಳು. ಅಮೆರಿಕದ ಗಾರ್ಡ್ನರ್ ಮತ್ತು ಸ್ಟೈನ್‌ಬರ್ಗ್ 2005ರಲ್ಲಿ ಪ್ರಕಟಿಸಿದ್ದು. 306 ಜನರಿಗೆ ಕಂಪ್ಯೂಟರಿನಲ್ಲಿ ಕಾರು ಓಡಿಸುವ ಆಟ ಕೊಟ್ಟು, ಕೆಲವರನ್ನು ಒಂಟಿಯಾಗಿ, ಕೆಲವರನ್ನು ಗೆಳೆಯರ ಎದುರು ಆಡಿಸಿದರು. ಗೆಳೆಯರು ನೋಡುತ್ತಿದ್ದಾಗ ಹದಿಹರೆಯದವರು ಬಹಳ ಹೆಚ್ಚು ಅಪಾಯಕ್ಕೆ ಕೈಹಾಕಿದರು, ವಯಸ್ಕರಲ್ಲಿ ಹಾಗಾಗಲಿಲ್ಲ. ಫೋನಿನಲ್ಲಿ ಗೆಳೆಯರು ನೋಡದೆ ಇರುವ ಗಳಿಗೆ ಯಾವುದಿದೆ? ಈ ವಯಸ್ಸಿನ ದುಡುಕು ಕೆಟ್ಟತನವಲ್ಲ. ಅದೇ ಬಿಸಿಯಲ್ಲಿ ಮಕ್ಕಳು ಈಜು ಕಲಿಯುತ್ತಾರೆ, ವೇದಿಕೆ ಹತ್ತುತ್ತಾರೆ.

ದುಡ್ಡಿನ ಆಸೆ ಬೇರೆ. ಕಾಲೇಜು ಹುಡುಗರಿಗೆ ಈಗ ಹೊಸ ಆಮಿಷ ಬರುತ್ತಿದೆ: ನಿನ್ನ ಹೆಸರಿನಲ್ಲಿ ಬ್ಯಾಂಕ್ ಖಾತೆ ತೆರೆದು ಎಟಿಎಂ ಕಾರ್ಡು, ಸಿಮ್ಮು ಕೊಡು, ಐದು ಸಾವಿರ ಕೊಡುತ್ತೇನೆ. ಯಾರದೋ ಮೋಸದ ಹಣ ಆ ಖಾತೆಯಲ್ಲಿ ಹಾದುಹೋಗುತ್ತದೆ. ಪೊಲೀಸರು ಹುಡುಕಿಕೊಂಡು ಬರುವುದು ಖಾತೆ ಯಾರ ಹೆಸರಿನಲ್ಲಿದೆಯೋ ಅವರ ಮನೆಗೆ. ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು 2025ರ ಕಾಯ್ದೆ ನಿಷೇಧಿಸಿದೆ. ಆದರೂ ಲಿಂಕ್ ಹಿಡಿದುಕೊಂಡು ಬರುವವರಿದ್ದಾರೆ.

ಒಂದು ತಪ್ಪು ನನ್ನದೂ ಇದೆ. ಹೊಸ ಫೋನ್ ತಂದ ಮಕ್ಕಳಿಗೆ ಖಾತೆ ಮಾಡಿಕೊಡುವಾಗ, ಬೇಗ ಮುಗಿಯಲೆಂದು ಹುಟ್ಟಿದ ವರ್ಷ 2000 ಎಂದು ಹಾಕಿಬಿಡುತ್ತಿದ್ದೆ. ಹದಿಹರೆಯದವರ ಖಾತೆಯನ್ನು ಇನ್‌ಸ್ಟಾಗ್ರಾಂ ತಾನೇ ಖಾಸಗಿಯಾಗಿಡುತ್ತದೆ, ಗುರುತಿಲ್ಲದವರು ಮೆಸೇಜ್ ಕಳಿಸದಂತೆ ತಡೆಯುತ್ತದೆ. ಸುಳ್ಳು ವರ್ಷ ಹಾಕಿದರೆ ಆ ರಕ್ಷಣೆ ಹೋಯಿತು. ಈಗ ಆಧಾರ್ ಕಾರ್ಡ್ ನೋಡಿಯೇ ಹಾಕುತ್ತೇನೆ. "ಮಗನ ಫೋನಿನಲ್ಲಿ ಏನಿದೆ, ಗುಟ್ಟಾಗಿ ತೆಗೆದು ತೋರಿಸಿ" ಎಂದು ಬರುವ ಅಮ್ಮಂದಿರಿಗೆ, ಮಗನನ್ನೇ ಕರೆದುಕೊಂಡು ಬನ್ನಿ, ಮೂವರೂ ಕೂತು ಸೆಟ್ಟಿಂಗ್ ನೋಡೋಣ ಅನ್ನುತ್ತೇನೆ. ಊಟ ನಿದ್ದೆ ಬಿಟ್ಟು ಮಂಕಾದ ಮಕ್ಕಳ ಮನೆಯವರಿಗೆ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮನಸ್‌ನ ನಂಬರು 14416 ಬರೆದುಕೊಡುತ್ತೇನೆ. ಹಗಲೂ ರಾತ್ರಿ ಕನ್ನಡದಲ್ಲೇ ಮಾತಾಡುತ್ತಾರೆ.

ಆ ಹುಡುಗ ಮೊನ್ನೆ ಮತ್ತೆ ಬಂದಿದ್ದ. ಜೊತೆಯಲ್ಲಿ ಅವನಿಗಿಂತ ಚಿಕ್ಕವನೊಬ್ಬ, ತಲೆ ತಗ್ಗಿಸಿಕೊಂಡು ನಿಂತಿದ್ದ. "ಅಣ್ಣಾ, ಇವನಿಗೂ ಅದೇ ಆಗಿದೆ. ದುಡ್ಡು ಕೊಟ್ಟಿಲ್ಲ, ಏನೂ ಅಳಿಸಿಲ್ಲ" ಅಂದ.