ಗಾಜಿನ ತೊಟ್ಟಿಯಲ್ಲಿ ಹುಲ್ಲಿನ ಒಟ್ಲು

ಕೆಂಗೇರಿ ಹೋಬಳಿಯಲ್ಲಿ ನನಗಿರುವುದು ಮುಕ್ಕಾಲು ಎಕರೆ. ರಾಗಿ, ಕೊತ್ತಂಬರಿ, ದಂಟಿನ ಸೊಪ್ಪು ಬೆಳೆಯುತ್ತೇನೆ. ಮಗಳ ಮನೆ ಬಸವೇಶ್ವರನಗರದಲ್ಲಿ. ದೀಪಾವಳಿಗೆ ಹೋದಾಗ ಮೊಮ್ಮಗ ಹಟ ಹಿಡಿದ: "ತಾತಾ, ಮೀನಿನ ತೊಟ್ಟಿ ತಳದಲ್ಲಿ ಜಮಖಾನ ಹಾಸಿದ ಹಾಗೆ ಹುಲ್ಲು ಬೆಳೆಸ್ಕೊಡು." ಇಷ್ಟೇ ತಾನೆ ಅಂದುಕೊಂಡೆ. ನಲವತ್ತು ವರ್ಷ ಮಣ್ಣು ಮೆಟ್ಟಿದವನಿಗೆ ಅಂಗೈಯಗಲದ ಹುಲ್ಲು ಬೆಳೆಸೋದು ದೊಡ್ಡ ಕೆಲಸವೇ?

ದೊಡ್ಡದೇ ಆಯ್ತು.

ಗೊಬ್ಬರ ತಂದ ಆಪತ್ತು

ತೊಟ್ಟಿ ಒಂದೂವರೆ ಅಡಿ ಉದ್ದ, ಅಗಲ-ಎತ್ತರ ಒಂದೊಂದಡಿ. ಹೆಚ್ಚುಕಡಿಮೆ 40 ಲೀಟರ್ ಹಿಡಿಯುತ್ತೆ. ತಿಪ್ಪೆ ಗೊಬ್ಬರ ಅರ್ಧ, ಕೆಮ್ಮಣ್ಣು ಅರ್ಧ ಬೆರೆಸಿ ತಳಕ್ಕೆ ಹಾಕಿದೆ. ಹುಲ್ಲು ನೆಟ್ಟು, ನೀರು ತುಂಬಿ, ಅಂದೇ 6 ಗಪ್ಪಿ ಮೀನು ಬಿಟ್ಟೆವು. ಮೂರನೇ ದಿನ ಮೀನುಗಳು ಮೇಲೆ ಬಂದು ಬಾಯಿ ಬಿಡತೊಡಗಿದವು. ಐದನೇ ದಿನಕ್ಕೆ ಒಂದೂ ಉಳಿಯಲಿಲ್ಲ. ನೀರು ಹಸಿರು ಪಾಚಿಯಾಗಿ ನಾರತೊಡಗಿತು. ಮೊಮ್ಮಗ ಎರಡು ದಿನ ನನ್ನ ಜೊತೆ ಮಾತಾಡಲಿಲ್ಲ.

ಯಾಕೆ ಹೀಗಾಯ್ತು? ಹೊಲದಲ್ಲಿ ಗೊಬ್ಬರ ಹೆಚ್ಚಾದರೆ ಮಳೆನೀರಲ್ಲಿ ಬಸಿದಾದರೂ ಹೋಗುತ್ತೆ. ಗಾಜಿನ ತೊಟ್ಟಿಗೆ ಬಸಿಗಾಲುವೆ ಇಲ್ಲ. ಗೊಬ್ಬರ ಕೊಳೆತು ಹುಟ್ಟುವ ಅಮೋನಿಯಾ ನೀರಲ್ಲೇ ನಿಂತು ಮೀನಿನ ಕಿವಿರನ್ನು ಕೆಡಿಸುತ್ತೆ. ಅಮೋನಿಯಾವನ್ನು ನೈಟ್ರೈಟ್, ಆಮೇಲೆ ನೈಟ್ರೇಟ್ ಮಾಡುವ ಸೂಕ್ಷ್ಮಜೀವಿಗಳು ನೆಲೆಯೂರಲು 4ರಿಂದ 6 ವಾರ ಬೇಕು. ನಾನು ಒಂದು ದಿನವನ್ನೂ ಕೊಟ್ಟಿರಲಿಲ್ಲ.

ಇಂಥ ಹಸಿರು ತೊಟ್ಟಿಗಳನ್ನು 1990ರ ದಶಕದಲ್ಲಿ ತಮ್ಮ ಪುಸ್ತಕಗಳ ಮೂಲಕ ಜನಪ್ರಿಯ ಮಾಡಿದವರು ಜಪಾನಿನ ತಕಾಶಿ ಅಮಾನೋ. ಅವರ ಪದ್ಧತಿಗೆ ಜೋರು ದೀಪ, ಇಂಗಾಲದ ಡೈಆಕ್ಸೈಡ್ ಸಿಲಿಂಡರ್ ಬೇಕು. ಅಮೆರಿಕದ ಡಯಾನಾ ವಾಲ್‌ಸ್ಟಡ್ 1999ರಲ್ಲಿ ಬರೆದ ಪುಸ್ತಕದಲ್ಲಿ ಮಾಮೂಲಿ ಮಣ್ಣಿನ ದಾರಿ ತೋರಿಸಿದ್ದಾರೆ. ಅಳಿಯ ಓದಿ ಹೇಳಿದ. ನಮಗೆ ಒಗ್ಗೋದು ಇದೇ.

ಎರಡನೇ ಬೆಳೆ

ಈ ಸಲ ಗೊಬ್ಬರ ಸೋಕದ ಕೆಮ್ಮಣ್ಣನ್ನು ಜರಡಿ ಹಿಡಿದು 1 ಅಂಗುಲ ಹಾಕಿದೆ. ಮೇಲೆ ತೊಳೆದ ದಪ್ಪ ಮರಳು ಮುಕ್ಕಾಲು ಅಂಗುಲ. ಮರಳಿಗೆ ನಿಂಬೆರಸ ಹಿಂಡಿ ನೋಡಿ. ನೊರೆ ಬಂದರೆ ಸುಣ್ಣ ಇದೆ ಅಂತ ಅರ್ಥ, ಅದು ಬೇಡ.

ಹುಲ್ಲು ಹೇರ್‌ಗ್ರಾಸ್. ಜೊಂಡಿನ ಜಾತಿಯದೇ, ಕೂದಲೆಳೆಯಷ್ಟು ಸಣ್ಣ. ಗ್ಯಾಸ್ ಇಲ್ಲದೆಯೂ ನಿಧಾನವಾಗಿ ಹಬ್ಬುತ್ತೆ. ಐದಾರು ಎಳೆಯ ಕುಚ್ಚು ಮಾಡಿ, ಅಂಗುಲಕ್ಕೊಂದರಂತೆ ಚಿಮಟದಲ್ಲಿ ನಾಟಿ ಮಾಡಿದೆ. ನೀರು ತುಂಬಲಿಲ್ಲ! ಒಟ್ಲು ಪಾತಿಯ ಹಾಗೆ ಮಣ್ಣು ಬರೀ ಒದ್ದೆ. ಬಾಯಿಗೆ ಪ್ಲಾಸ್ಟಿಕ್ ಹಾಳೆ ಮುಚ್ಚಿ, ದಿನಕ್ಕೆ 10 ಗಂಟೆ ದೀಪ. ಬೂಸ್ಟು ಹಿಡಿಯದಂತೆ ದಿನಾ ಹತ್ತು ನಿಮಿಷ ತೆರೆದು ಗಾಳಿ ಕೊಟ್ಟೆವು. ನಿಂತ ನೀರಿಲ್ಲ, ಹಾಗಾಗಿ ಪಾಚಿಯ ಕಾಟವಿಲ್ಲ. ಸಂಕ್ರಾಂತಿ ಕಳೆದು ನೆಟ್ಟದ್ದು ಶಿವರಾತ್ರಿ ಹೊತ್ತಿಗೆ ಬೇರು ಕಚ್ಚಿ ಹಬ್ಬಿತ್ತು.

ಆಮೇಲೆ ಹುಲ್ಲಿನ ಮೇಲೆ ತಟ್ಟೆಯಿಟ್ಟು, ಮಣ್ಣು ಕದಡದಂತೆ ನೀರು ಹುಯ್ದೆವು. ನಲ್ಲಿ ನೀರಲ್ಲಿ ಕ್ಲೋರಿನ್ ಇರುತ್ತೆ. ಅಗಲ ಬಾಯಿಯ ಬಕೆಟ್ಟಿನಲ್ಲಿ ಒಂದು ದಿನ ಬಿಟ್ಟೇ ಹಾಕಬೇಕು. ದೀಪವನ್ನು 6 ಗಂಟೆಗೆ ಇಳಿಸಿದೆವು. ವಾರಕ್ಕೆರಡು ಸಲ ಅರ್ಧ ನೀರು ಬದಲು. ಅಮೋನಿಯಾ, ನೈಟ್ರೈಟ್ ಎರಡೂ ಸೊನ್ನೆಗೆ ಬಂದ ಮೇಲೆ, ಯುಗಾದಿ ಕಳೆದು, ಮೀನು ಬಿಟ್ಟೆವು. ಈಗ ಗೊಬ್ಬರ ಹಾಕುವವು ಅವೇ!

ಖರ್ಚು: ತೊಟ್ಟಿ ರೂ. 1,100, ಎಲ್‌ಇಡಿ ದೀಪ 700, ಗಾಳಿ ಪಂಪು-ಸ್ಪಂಜಿನ ಫಿಲ್ಟರ್ 350, ಹುಲ್ಲು ಎರಡು ಕುಂಡ 300, ನೀರು ಪರೀಕ್ಷೆಯ ದ್ರಾವಣ 500. ಒಟ್ಟು ರೂ. 2,950. ಮಣ್ಣು, ಮರಳು ನಮ್ಮದೇ. ಮಿಕ್ಕ ಹುಲ್ಲನ್ನು ಮನೆಯಲ್ಲಿ ಎರಡು ಟ್ರೇನಲ್ಲಿ ಬೆಳೆಸಿದ್ದೇನೆ. ಮೀನಿನಂಗಡಿಯವರು ಹತ್ತು ಕುಂಡ ತಗೊಂಡು ಬದಲಿಗೆ ಮೀನಿನ ಆಹಾರ ಕೊಟ್ಟರು. ಇದರಿಂದ ಸಂಸಾರ ನಡೆಯುತ್ತೆ ಅಂತ ಹೇಳಲಾರೆ.

ಒಂದು ಎಚ್ಚರಿಕೆ. ಕತ್ತರಿಸಿದ ಹುಲ್ಲನ್ನು ಮೋರಿಗಾಗಲಿ ಕೆರೆಗಾಗಲಿ ಎಸೆಯಬೇಡಿ, ತಿಪ್ಪೆಗೆ ಹಾಕಿ. ನಮ್ಮ ಕೆರೆಗಳನ್ನು ಮುಚ್ಚಿರುವ ನೇರಳೆ ಹೂವಿನ ಜಲಕಳೆಯೂ ಚಂದಕ್ಕೆಂದು ಹೊರಗಿನಿಂದ ತಂದದ್ದೇ, ದಕ್ಷಿಣ ಅಮೆರಿಕದ್ದು. ಕೆಂಗೇರಿ ಹಾದು ಬೈರಮಂಗಲ ಕೆರೆ ಸೇರುವ ವೃಷಭಾವತಿಯನ್ನು ದಿನಾ ನೋಡುತ್ತೇನೆ. ಊರಿನ ಕೊಳೆಯೆಲ್ಲ ಅದರೊಳಗೆ. ನನ್ನ ಮೊದಲ ತೊಟ್ಟಿಯಲ್ಲಿ ಐದು ದಿನಕ್ಕೆ ಆದದ್ದು ಅಲ್ಲಿ ವರ್ಷಗಳಿಂದ ಆಗುತ್ತಿದೆ. ನೀರು ತಾಳುವಷ್ಟೇ ಗೊಬ್ಬರ ಅಂತ ನಾನು ಕಲಿತದ್ದು ಆರು ಮೀನು ಸತ್ತ ಮೇಲೆ.